ಶಿಖರವಿಲ್ಲದ ನಡಿಗೆಯ ಪರವಾಗಿ

ಚಾರಣಕ್ಕೆ ಹೋಗಿದ್ದೆ ಎಂದು ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ‘ಎಷ್ಟು ಎತ್ತರ?’ ಎಂಬುದು. ಹೊಳೆಯ ದಂಡೆ ಹಿಡಿದು, ಹೊಲದ ಬದುಗಳನ್ನು ದಾಟಿ, ಎರಡು ಮೂರು ಹಳ್ಳಿಗಳ ನಡುವೆ ಹಾದು ಹದಿನಾಲ್ಕು ಕಿಲೊಮೀಟರ್ ನಡೆದೆ ಎಂದರೆ, ಕೇಳಿದವರ ಮುಖದಲ್ಲಿ ‘ಅದೂ ಒಂದು ಚಾರಣವೇ?’ ಎಂಬ ಭಾವ ಸುಳಿಯುತ್ತದೆ. ಬಹಳ ವರ್ಷ ಬೆಟ್ಟಗಳನ್ನೇ ಹತ್ತಿ, ಈಚೆಗೆ ಕಣಿವೆಯ ಹಾದಿಗಳಿಗೆ ಮನಸೋತಿರುವ ನನಗೆ ಈ ಅಸಡ್ಡೆ ನಿಜಕ್ಕೂ ಬೇಸರ ತರುತ್ತದೆ. ಬೆಟ್ಟ ಹತ್ತಲಾರದವರಿಗೆ ಉಳಿದ ಹಾದಿ ಎಂದು ಇದನ್ನು ನೋಡುವುದು ತಪ್ಪು ಎಂದು ಹೇಳುವುದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಡಿದಾದ ಏರಿನಲ್ಲಿ ನಮ್ಮ ಗಮನವೆಲ್ಲ ಉಸಿರು ಮತ್ತು ಮುಂದಿನ ಹೆಜ್ಜೆಯ ಮೇಲೆಯೇ ಇರುತ್ತದೆ. ಸಮತಟ್ಟಾದ ಹಾದಿಯಲ್ಲಿ ಕಣ್ಣಿಗೆ ಬಿಡುವು ಸಿಗುತ್ತದೆ, ಆಗ ಕಣಿವೆಯನ್ನು ಓದಲು ಬರುತ್ತದೆ. ಹೊಳೆ ತಿರುಗುವಲ್ಲಿ ಹೊರಬದಿಯ ದಂಡೆ ಕೊರೆದುಹೋಗಿರುತ್ತದೆ, ಒಳಬದಿಯಲ್ಲಿ ಮರಳು ಮತ್ತು ಮೆಕ್ಕಲು ಕೂತಿರುತ್ತದೆ. ಹಳೆಯ ಮನೆಗಳು ನೀರಿನ ಅಂಚಿಗೆ ಬಾರದೆ ಒಂದಿಷ್ಟು ಮೇಲಿನ ದಿಬ್ಬದಲ್ಲಿಯೇ ನಿಂತಿದ್ದರೆ, ಹಿಂದಿನವರು ನೆರೆ ಎಲ್ಲಿಯವರೆಗೆ ಬರುತ್ತದೆಂದು ಅಳೆದು ಕಟ್ಟಿದ್ದಾರೆ ಎಂದು ತಿಳಿಯಬಹುದು. ಸೇತುವೆ ಇರುವ ಜಾಗದಲ್ಲಿ ಒಂದು ಕಾಲಕ್ಕೆ ನಡೆದೇ ದಾಟುವಷ್ಟು ನೀರು ತೆಳುವಾಗಿದ್ದಿರಬಹುದು. ನೀರು ರಭಸದಿಂದ ಇಳಿಯುವ ಕಡೆ ಕಲ್ಲಿನ ಗೋಡೆಯ ಅವಶೇಷ ಕಂಡರೆ, ಅಲ್ಲಿ ನೀರಿನ ಬಲದಿಂದ ತಿರುಗುವ ಗಿರಣಿ ಇದ್ದಿರಬಹುದೇ ಎಂದು ಹುಡುಕಬೇಕು. ಇವನ್ನೆಲ್ಲ ನಾನು ಕಲಿತದ್ದು ಎಪ್ಪತ್ತು ದಾಟಿದ ನನ್ನ ಅಮ್ಮನ ಜೊತೆ ನಡೆಯತೊಡಗಿದ ಮೇಲೆ. ಬೇಸಾಯ ಬಲ್ಲ ಅವರು ಹೊಲದ ಮಣ್ಣಿನ ಬಣ್ಣ ನೋಡಿಯೇ ಇದು ಹೊಳೆ ತಂದ ಮಣ್ಣು, ಅದು ಗುಡ್ಡದಿಂದ ಇಳಿದ ಮಣ್ಣು ಎಂದು ಬೇರೆ ಮಾಡಿ ಹೇಳುತ್ತಾರೆ.

ಈ ಹಾದಿಗಳ ಹಿಂದಿನ ದುಡಿಮೆಯ ಚರಿತ್ರೆಯೂ ನನ್ನನ್ನು ಸೆಳೆಯುತ್ತದೆ. ಇಂಗ್ಲೆಂಡಿನ ಥೇಮ್ಸ್ ನದಿಯ ಉಗಮದ ಕಡೆಯಿಂದ ಲಂಡನ್‌ವರೆಗೆ ಸಾಗುವ, 1996ರಲ್ಲಿ ಅಧಿಕೃತವಾಗಿ ತೆರೆದ ಥೇಮ್ಸ್ ಪಾಥ್ ಸುಮಾರು 184 ಮೈಲಿ ಉದ್ದದ್ದು. ಅದರ ಬಹುಭಾಗ ಕುದುರೆಗಳು ಹಗ್ಗ ಕಟ್ಟಿಕೊಂಡು ಸರಕಿನ ದೋಣಿಗಳನ್ನು ಎಳೆಯುತ್ತಿದ್ದ ದಂಡೆಯ ಹಾದಿಯೇ ಆಗಿದೆ. ಕುದುರೆ ನಡೆಯಬೇಕಾದ್ದರಿಂದ ಅಲ್ಲಿ ಏರು ಕಡಿಮೆ, ಹಾದಿಗೆ ಅಗಲವಿದೆ. ಇಂದು ನಾವು ಅನುಭವಿಸುವ ‘ಸುಲಭ’ ಯಾರದೋ ದುಡಿಮೆಯ ಅನುಕೂಲಕ್ಕಾಗಿ ಮಾಡಿದ್ದು. ದಂಡೆಯ ಹಾದಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವ ಕಡೆಗಳಲ್ಲಿ ಕುದುರೆಯನ್ನೂ ದೋಣಿಗೆ ಹತ್ತಿಸಿ ಸಾಗಿಸುವ ಕಡವುಗಳಿದ್ದವು. ಸರಕು ಸಾಗಣೆ ನಿಂತು ಆ ಕಡವುಗಳು ಒಂದೊಂದಾಗಿ ಮುಚ್ಚಿದಾಗ ಹಾದಿಯೇ ತುಂಡಾಯಿತು. ಹರ್ಲಿ ಎಂಬ ಹಳ್ಳಿಯ ಬಳಿ ಅಂಥ ಒಂದು ಕಡವು 1953ರಲ್ಲಿ ನಿಂತಿತು, ಅದೇ ಜಾಗದಲ್ಲಿ ನಡೆಯುವವರಿಗೆಂದೇ ಟೆಂಪಲ್ ಕಾಲುಸೇತುವೆ 1989ರಲ್ಲಿ ಬಂತು. ನಡುವಿನ ಮೂವತ್ತಾರು ವರ್ಷ ಅಲ್ಲಿಗೆ ಬಂದವರು ಎದುರು ದಂಡೆಯ ಹಾದಿಯನ್ನು ನೋಡಿ ಹಿಂದಿರುಗಬೇಕಿತ್ತು. ನದಿಯ ಹಾದಿ ನದಿಯಂತೆ ತಾನಾಗಿಯೇ ಉಳಿದುಬರುತ್ತದೆ ಎಂದು ಭಾವಿಸುವವರು ಈ ಸೇತುವೆಯನ್ನು ನೆನೆಯಬೇಕು.

ಹಾದಿ ಉಳಿಯುವುದು ಅದನ್ನು ಬರೆದಿಟ್ಟಾಗ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗಾಗಿ 1949ರಲ್ಲಿ ಬಂದ ಕಾನೂನು, ಸಾರ್ವಜನಿಕ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ವಹಿಸಿತು. ಆ ಕೆಲಸದ ಮೊದಲ ಹಂತದಲ್ಲಿ ಅನೇಕ ಕಡೆ ಹಳ್ಳಿಯ ಜನರೇ ತಮ್ಮ ಊರಿನ ಕಾಲುದಾರಿಗಳನ್ನು ನಡೆದು ನೋಡಿ, ಎಲ್ಲಿ ಗೇಟಿದೆ, ಎಲ್ಲಿ ತಡಮೆಯಿದೆ ಎಂದು ಗುರುತಿಸಿಕೊಟ್ಟರು. ಇಂದು ಯಾವನೋ ಅಪರಿಚಿತ ಒಬ್ಬ ರೈತನ ಹೊಲದ ನಡುವಿನಿಂದ ಅಂಜಿಕೆಯಿಲ್ಲದೆ ನಡೆದುಹೋಗಬಲ್ಲನಾದರೆ ಅದಕ್ಕೆ ಕಾರಣ ಈ ದಾಖಲೆ. ಫ್ರಾನ್ಸಿನಲ್ಲಿ ಇದೇ ಕೆಲಸ ಬಣ್ಣದ ಮೂಲಕ ನಡೆಯಿತು. ಅಲ್ಲಿನ ದೂರದ ನಡಿಗೆಯ ಹಾದಿಗಳ ಬಿಳಿ ಕೆಂಪು ಪಟ್ಟಿಯ ಗುರುತು 1947ರಲ್ಲಿ ಮೊದಲು ಮೂಡಿದ್ದು ಲ್ವಾರ್ ನದಿಯ ದಡದಲ್ಲಿ, ಓರ್ಲಿಯಾನ್ಸ್ ಮತ್ತು ಬೋಜಾನ್ಸಿ ಊರುಗಳ ನಡುವೆ. ಇಡೀ ದೇಶದ ಚಾರಣದ ಹಾದಿಗಳ ಜಾಲ ಪರ್ವತದಿಂದ ಆರಂಭವಾಗದೆ ಒಂದು ಸಮತಟ್ಟಾದ ನದಿ ಕಣಿವೆಯಿಂದ ಆರಂಭವಾಯಿತು ಎಂಬುದನ್ನು ‘ಎಷ್ಟು ಎತ್ತರ’ ಎಂದು ಕೇಳುವವರಿಗೆ ನಾನು ತಪ್ಪದೆ ಹೇಳುತ್ತೇನೆ.

ಹಳ್ಳಿಗಳ ವಿಷಯಕ್ಕೆ ಬಂದರೆ ಜಪಾನಿನ ಕಿಸೊ ಕಣಿವೆಯನ್ನು ಬಿಟ್ಟು ಮಾತನಾಡಲು ನನಗೆ ಮನಸ್ಸಾಗುವುದಿಲ್ಲ. ಎಡೊ ಕಾಲದಲ್ಲಿ (17ರಿಂದ 19ನೇ ಶತಮಾನದ ನಡುವೆ) ಈಗಿನ ಟೋಕಿಯೊ ಮತ್ತು ಕ್ಯೋಟೊ ನಗರಗಳನ್ನು ಒಳನಾಡಿನ ಮೂಲಕ ಜೋಡಿಸಿದ್ದ ನಾಕಾಸೆಂಡೊ ರಸ್ತೆಗೆ 69 ತಂಗುದಾಣಗಳಿದ್ದವು. ಅವುಗಳಲ್ಲಿ ಕಿಸೊ ಕಣಿವೆಯ ಮಾಗೊಮೆ ಮತ್ತು ತ್ಸುಮಾಗೊ ನಡುವಿನ ಸುಮಾರು ಎಂಟು ಕಿಲೊಮೀಟರ್ ಹಾದಿಯನ್ನು ಈಗಲೂ ಜನ ನಡೆಯುತ್ತಾರೆ, ಎರಡು ಮೂರು ಗಂಟೆಗಳ ಹಿತವಾದ ನಡಿಗೆ ಅದು. ರೈಲು ಬಂದ ಮೇಲೆ ಹಳೆಯ ರಸ್ತೆ ಬರಿದಾಗಿ ತ್ಸುಮಾಗೊ ಸೊರಗಿತು. ಆಗ ಊರಿನವರು ತಮ್ಮ ಹಳೆಯ ಮನೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡಹುವುದಿಲ್ಲ ಎಂದು 1971ರಲ್ಲಿ ತಾವೇ ನಿರ್ಧಾರ ಮಾಡಿಕೊಂಡರು. ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿದ್ದು 1976ರಲ್ಲಿ. ಈ ಕ್ರಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ: ಮೊದಲು ಅಲ್ಲಿ ಬದುಕುವವರ ಒಪ್ಪಿಗೆ, ಆಮೇಲೆ ಮೊಹರು. ಎಲ್ಲಿಯೇ ಆಗಲಿ, ಹಳ್ಳಿಯವರನ್ನು ಕೇಳದೆ ಅವರ ಅಂಗಳದ ಪಕ್ಕದಲ್ಲಿ ಫಲಕ ನೆಟ್ಟು ‘ಇದು ಪ್ರವಾಸಿಗರ ಹಾದಿ’ ಎಂದು ಘೋಷಿಸುವುದನ್ನು ನಾನು ಒಪ್ಪಲಾರೆ.

ಅಂಥ ಹಾದಿಯಲ್ಲಿ ನಡೆಯುವವರಿಗೂ ಹೊಣೆಯಿದೆ. ತೆರೆದಿದ್ದ ಗೇಟನ್ನು ತೆರೆದೇ ಬಿಡಬೇಕು, ಮುಚ್ಚಿದ್ದನ್ನು ದಾಟಿದ ಮೇಲೆ ಮತ್ತೆ ಮುಚ್ಚಬೇಕು. ನಮಗೆ ಅರ್ಥವಾಗದಿದ್ದರೂ ದನ ಎಲ್ಲಿ ಮೇಯಬೇಕು, ಎಲ್ಲಿ ನೀರು ಕುಡಿಯಬೇಕು ಎಂಬ ಲೆಕ್ಕ ಆ ಗೇಟಿನ ಹಿಂದೆ ಇರುತ್ತದೆ. ಬೆಳೆ ನಿಂತ ಹೊಲದಲ್ಲಿ ಅಕ್ಕಪಕ್ಕ ನಡೆಯದೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಕರು ಹಾಕಿದ ಹಸುವಿನ ಹತ್ತಿರ, ಅದರಲ್ಲಿಯೂ ನಾಯಿ ಜೊತೆಗಿದ್ದಾಗ, ಎಂದಿಗೂ ಹೋಗಬಾರದು. ಮನೆಯ ಮುಂದೆ ಕುಳಿತವರ ಚಿತ್ರ ತೆಗೆಯುವ ಮೊದಲು ಕೇಳಬೇಕೆಂದು ಹೇಳಬೇಕಾಗಿ ಬರುವುದೇ ನನಗೆ ಸಂಕಟ.

ಸುಲಭದ ಹಾದಿಯಲ್ಲಿ ಅಪಾಯವಿಲ್ಲ ಎಂಬ ನಂಬಿಕೆಯಿಂದ ನಾನೇ ಒಮ್ಮೆ ತೊಂದರೆಗೆ ಸಿಕ್ಕಿದ್ದೇನೆ. ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಸುಮಾರು ಐದು ಕಿಲೊಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಏರಿಲ್ಲದ ಹದಿನಾರು ಕಿಲೊಮೀಟರಿಗೆ ಮೂರೂಕಾಲು ಗಂಟೆ ಸಾಕೆಂದು ಚಳಿಗಾಲದ ಒಂದು ಮಧ್ಯಾಹ್ನ ತಡವಾಗಿ ಹೊರಟೆ. ಆ ಲೆಕ್ಕದಲ್ಲಿ ನಿಂತು ನೋಡುವ ಹೊತ್ತು ಸೇರಿಲ್ಲ, ಕಣಿವೆಯಲ್ಲಿ ನೋಡಲು ನಿಲ್ಲುವುದೇ ಹೆಚ್ಚು. ಪಡುವಣ ಗುಡ್ಡದ ಹಿಂದೆ ಸೂರ್ಯ ಸೂರ್ಯಾಸ್ತಕ್ಕಿಂತ ಬಹಳ ಮೊದಲೇ ಮರೆಯಾಗುತ್ತಾನೆ ಎಂಬುದನ್ನೂ ನಾನು ಮರೆತಿದ್ದೆ. ತಂಪಾದ ಗಾಳಿ ಭಾರವಾಗಿ ಕೆಳಗಿಳಿದು ಕೂರುವುದರಿಂದ ಚಳಿ ಬೇಗ ಏರಿತು, ಕೈಯಲ್ಲಿ ಟಾರ್ಚ್ ಇರಲಿಲ್ಲ. ಕೊನೆಗೆ ಒಂದು ಮನೆಯ ದೀಪ ಕಂಡು ಬಾಗಿಲು ತಟ್ಟಿದಾಗ, ಆ ಮನೆಯ ಹಿರಿಯರು ತಾವೇ ದೀಪ ಹಿಡಿದು ರಸ್ತೆಯವರೆಗೆ ಬಂದು ಬಿಟ್ಟುಹೋದರು. ಅಂದಿನಿಂದ ಸಮತಟ್ಟಾದ ಹಾದಿಗೂ ಗಂಟೆಗೆ ಮೂರೇ ಕಿಲೊಮೀಟರ್ ಎಂದು ಲೆಕ್ಕ ಹಾಕುತ್ತೇನೆ, ಮೇಲಿನ ಸೀಮೆಯಲ್ಲಿ ಮಳೆಯಾಗಿದ್ದರೆ ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹೊಳೆಯಂಚಿಗೆ ಇಳಿಯುವುದಿಲ್ಲ, ಕೊರೆದ ದಂಡೆಯ ತುದಿಯಲ್ಲಿ ನಿಲ್ಲುವುದಿಲ್ಲ.

ಬೆಟ್ಟದ ಚಾರಣದಲ್ಲಿ ಅಮ್ಮ ಮನೆಯಲ್ಲಿ ಕಾಯುವವರಾಗಿದ್ದರು, ಹಿಂದಿರುಗಿದ ಮೇಲೆ ನಾನು ಕಂಡದ್ದನ್ನು ಅವರಿಗೆ ಹೇಳುತ್ತಿದ್ದೆ. ಕಣಿವೆಯ ಹಾದಿಯಲ್ಲಿ ಅವರು ನನಗಿಂತ ಹತ್ತು ಹೆಜ್ಜೆ ಮುಂದಿರುತ್ತಾರೆ. ಕಳೆದ ಸಲ ಒಂಬತ್ತು ಕಿಲೊಮೀಟರಿಗೆ ನಾಲ್ಕು ಗಂಟೆ ಹಿಡಿಯಿತು, ಅದರಲ್ಲಿ ಮುಕ್ಕಾಲು ಗಂಟೆ ಅವರು ಒಂದು ಹೊಲದ ಬೇಲಿಯ ಈಚೆ ನಿಂತು ಆಚೆ ಕಳೆ ಕೀಳುತ್ತಿದ್ದ ಹೆಂಗಸಿನೊಡನೆ ಆ ವರ್ಷದ ನೀರಿನ ವಿಚಾರ ಮಾತನಾಡಿದರು. ನಾನು ಪಕ್ಕದ ಕಲ್ಲಿನ ಮೇಲೆ ಕುಳಿತು ಕೇಳಿಸಿಕೊಂಡೆ.