ಸತ್ಯಾಂಶ: ಆ ಕನ್ಚರ್ಟೋ ಯಾರ ಬುದ್ಧಿಯನ್ನೂ ಕೆಡಿಸಲಿಲ್ಲ

‘ರಷ್ಯಾದ ಸಂಗೀತ ಸಂಯೋಜಕ ರಾಖ್ಮನಿನೋಫ್ ಅವರ ಮೂರನೆಯ ಪಿಯಾನೋ ಕನ್ಚರ್ಟೋ (ವಾದ್ಯವೃಂದದ ಜೊತೆ ನುಡಿಸುವ ದೀರ್ಘ ಕೃತಿ) ಎಷ್ಟು ಕಠಿಣವೆಂದರೆ, ಅದನ್ನು ನುಡಿಸುತ್ತಲೇ ಆಸ್ಟ್ರೇಲಿಯಾದ ಪಿಯಾನೋ ವಾದಕ ಡೇವಿಡ್ ಹೆಲ್ಫ್‌ಗಾಟ್ ವೇದಿಕೆಯಲ್ಲಿ ಕುಸಿದುಬಿದ್ದು ಮತಿಭ್ರಮಣೆಗೆ ಒಳಗಾದರು’ ಎಂಬ ಸಂದೇಶವನ್ನು ಹಲವರು ನಂಬುತ್ತಾರೆ. ಇದು ಸುಳ್ಳು.

ಕುಸಿದುಬೀಳುವುದು 1996ರ ‘ಶೈನ್’ ಚಿತ್ರದ ದೃಶ್ಯ. ಹೆಲ್ಫ್‌ಗಾಟ್ ಪಾತ್ರಕ್ಕಾಗಿ ಜೆಫ್ರಿ ರಶ್ ಅವರಿಗೆ ಆಸ್ಕರ್ ತಂದುಕೊಟ್ಟ ಈ ಚಿತ್ರ ನೈಜ ಬದುಕನ್ನು ಆಧರಿಸಿದ್ದರೂ ಸಾಕ್ಷ್ಯಚಿತ್ರವಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಓದುತ್ತಿದ್ದಾಗ ಹೆಲ್ಫ್‌ಗಾಟ್ ಆ ಕೃತಿಯನ್ನು ನುಡಿಸಿದ್ದು ನಿಜ. ಕುಸಿದದ್ದು ಮಾತ್ರ ತೆರೆಯ ಮೇಲೆ. ತಂದೆಯನ್ನು ಕ್ರೂರಿಯಂತೆ ತೋರಿಸಿದ್ದನ್ನು ಅವರ ಅಕ್ಕ ಮಾರ್ಗರೆಟ್ ಪುಸ್ತಕ ಬರೆದೇ ವಿರೋಧಿಸಿದರು.

ಹೆಲ್ಫ್‌ಗಾಟ್ ಅವರಿಗಿದ್ದದ್ದು ಸ್ಕಿಜೋಅಫೆಕ್ಟಿವ್ ಎಂಬ ಮಾನಸಿಕ ಕಾಯಿಲೆ. ಭ್ರಮೆಗಳ ಜೊತೆಗೆ ಮನಃಸ್ಥಿತಿಯ ತೀವ್ರ ಏರಿಳಿತಗಳೂ ಇದರಲ್ಲಿ ಕಾಣಿಸುತ್ತವೆ. ಆನುವಂಶಿಕತೆ, ಮಿದುಳಿನ ಕಾರ್ಯವೈಖರಿ, ಬದುಕಿನ ಒತ್ತಡ ಎಲ್ಲವೂ ಸೇರಿ ಬರುವ ಕಾಯಿಲೆಯಿದು. ಒಂದು ಸಂಜೆಯ ಕಛೇರಿಯಿಂದ ಅಂಟಿಕೊಳ್ಳುವಂಥದ್ದಲ್ಲ. ಕಛೇರಿಯ ಒತ್ತಡವು ಲಕ್ಷಣಗಳನ್ನು ಉಲ್ಬಣಿಸಬಹುದು, ಅಷ್ಟೆ.

ಇನ್ನು ಕನ್ಚರ್ಟೋದ ಮಾತು. ಕಠಿಣ ಹೌದು, ಬೆರಳುಗಳಿಗೆ ಬಿಡುವೇ ಇಲ್ಲ. ಆದರೆ 1909ರಲ್ಲಿ ನ್ಯೂಯಾರ್ಕ್‌ನಲ್ಲಿ ಅದನ್ನು ಮೊದಲು ನುಡಿಸಿದ ರಾಖ್ಮನಿನೋಫ್ ಮುಂದೆಯೂ ದಶಕಗಳ ಕಾಲ ಕಛೇರಿ ನೀಡಿದರು. ಇಂದಿಗೂ ಸ್ಪರ್ಧೆಗಳಲ್ಲಿ ಇಪ್ಪತ್ತರ ಹರೆಯದವರು ಅದನ್ನು ನುಡಿಸಿ, ಚಪ್ಪಾಳೆ ಗಿಟ್ಟಿಸಿ, ಊಟಕ್ಕೆ ಹೊರಡುತ್ತಾರೆ.