ತೃಪ್ತಿ ಆಯ್ತೇನ್ರಿ ಕಾಕಾ?

ನಮ್ಮ ಕಡೆ ತೃಪ್ತಿ ಅನ್ನೋ ಮಾತು ಬರುವುದು ಊಟದ ಪಂಕ್ತಿಯಲ್ಲಿ. ಹೋಳಿಗೆ ಮೇಲೆ ತುಪ್ಪ ಬಿದ್ದಾದ ಮೇಲೆ, ಎಲೆ ಮಡಚುವ ಮುಂಚೆ. ಹಾಗಾಗಿ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ, ನಿಮಗೆ ಎಷ್ಟು ತೃಪ್ತಿ ಆಗಿದೆ ಅಂತ ಕೇಳುವ ಫಾರಂ ಕೈಗೆ ಬಂದಾಗ ನಮ್ಮ ಕಾಕಾ ನನ್ನ ಮುಖ ನೋಡಿದರು. "ತಮ್ಮಾ, ಇವ್ರು ಊಟ ಯಾವಾಗ ಹಾಕಿದ್ರು?"

ಕಾಕಾ ಅಫಜಲಪುರ ಕಡೆಯವರು. ಟ್ರ್ಯಾಕ್ಟರ್ ಇಳಿಯುವಾಗ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡಿದ್ದರು. ಆರು ವಾರ ಪ್ಲಾಸ್ಟರ್‌ನಲ್ಲಿ ಮಲಗಿದ ಕಾಲು, ಬಿಚ್ಚಿದ ಮೇಲೆ ಮಡಚು ಅಂದರೆ ಕೇಳುವುದಿಲ್ಲ. ಗಟ್ಟಿಮುಟ್ಟಾದ ಮೊಣಕಾಲು ಸುಮಾರು 135 ಡಿಗ್ರಿ ಮಡಚುತ್ತದೆ. ಕುಕ್ಕುರುಗಾಲಲ್ಲಿ ಕೂತು ತೊಗರಿ ಹೊಲದಲ್ಲಿ ಕಳೆ ತೆಗೆಯಬೇಕು ಅಂದರೆ 120 ಆದರೂ ದಾಟಬೇಕು. ಕಾಕಾ ಕಾಲು ಎಷ್ಟಕ್ಕೆ ನಿಂತಿತ್ತು? ಅದು ಯಾರಿಗೂ ಗೊತ್ತಿಲ್ಲ. ಅಳೆಯುವ ಗೋನಿಯೋಮೀಟರ್ ಕೋಣೆಯಲ್ಲೇ ಇತ್ತು. ಶಾಲೆಯ ಕೋನಮಾಪಕಕ್ಕೆ ಎರಡು ಕೈ ಬಂದ ಹಾಗಿರುತ್ತದೆ. ಮೊದಲ ದಿನ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಹತ್ತನೇ ದಿನವೂ ಅಲ್ಲೇ ನೇತಾಡುತ್ತಿತ್ತು. ಪಾಪ, ಅದಕ್ಕೂ ಒಂಚೂರು ವ್ಯಾಯಾಮ ಬೇಕಿತ್ತು ಅನಿಸುತ್ತದೆ.

ಆದರೆ ತೃಪ್ತಿ ಅಳೆಯಲು ನಾಲ್ಕು ಪುಟ. ಸರ್ಕಾರಿ ಆಸ್ಪತ್ರೆಗಳ ರೋಗಿಗಳ ಅಭಿಪ್ರಾಯ ಕೇಳಲು 2016ರಿಂದ ‘ಮೇರಾ ಅಸ್ಪತಾಲ್’ ಇದೆ, ಮತ್ತೆ ಖಾಸಗಿಯವರೇನು ಕಮ್ಮಿ? ಪ್ರತಿ ಪ್ರಶ್ನೆಗೂ ಐದು ಮನೆ. ಈ ಐದು ಮನೆಯ ಲೆಕ್ಕಕ್ಕೆ ಲೈಕರ್ಟ್ ಅಳತೆ ಅಂತಾರೆ. ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಜನರ ಮನಸ್ಸಿನ ಒಲವು ಅಳೆಯಲು ಮಾಡಿದ್ದು. ಅವರು ನಮ್ಮ ಕಾಕಾನನ್ನು ನೋಡಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯ್ತು. "ಅಂಕಲ್, ಮಷಿನ್ ಶುರು ಆಗೋತನಕ ಇದನ್ನ ತುಂಬಿಬಿಡ್ರಿ" ಅಂದಳು ಥೆರಪಿ ಹುಡುಗಿ. ನಾನು ಓದಿದೆ: ಅತ್ಯಂತ ತೃಪ್ತಿ, ತೃಪ್ತಿ, ತೃಪ್ತಿಯೂ ಇಲ್ಲ ಅತೃಪ್ತಿಯೂ ಇಲ್ಲ...

"ಅದು ತಿಳೀತು ಬಿಡು" ಅಂದರು ಕಾಕಾ. "ನಮ್ಮೂರ ಸಿಂಗಲ್ ಫೇಸ್ ಇದ್ದಂಗ. ಕರೆಂಟ್ ಅದ ಅಂದ್ರ ಅದ, ಇಲ್ಲ ಅಂದ್ರ ಇಲ್ಲ. ಮೋಟರ್ ಮಾತ್ರ ತಿರಗಲ್ಲ."

ಕೋಣೆಯ ಉಷ್ಣತೆ ಹಿತವಾಗಿತ್ತೇ? ಏಪ್ರಿಲ್ ತಿಂಗಳು, ಹೊರಗೆ 42 ಡಿಗ್ರಿ, ಫ್ಯಾನ್ ನಿಂತಿದೆ, ಮೊಣಕಾಲ ಮೇಲೆ ಹಾಟ್ ಪ್ಯಾಕ್. "ಕಾವು ಬೇಕಂದ್ರ ಬಸ್‌ಸ್ಟ್ಯಾಂಡ್ ಕಬ್ಬಿಣದ ಬೆಂಚಿನ ಮ್ಯಾಲ ಕಾಲು ಚಾಚಿದ್ರ ಸಾಕಿತ್ತು. ರೊಕ್ಕನೂ ಉಳೀತಿತ್ತು."

ಇಲ್ಲಿ ಒಂದು ಮಾತು ಹೇಳಲೇಬೇಕು. ಹಾಟ್ ಪ್ಯಾಕ್ ಇಟ್ಟು, ಮಷಿನ್‌ನ ಜುಮುಜುಮು ಕೊಟ್ಟ ದಿನ ಕಾಕಾ ಸುಖವಾಗಿ ನಿದ್ದೆ ಹೊಡೆಯುತ್ತಿದ್ದರು. ಕಾಲು ಇದ್ದಲ್ಲೇ ಇತ್ತು. ಏಳನೇ ದಿನ ಈ ಹುಡುಗಿ ಕಾಲು ಹಿಡಿದು ಇಂಚಿಂಚು ಮಡಚಿಸಿದಳು. ಕಾಕಾ ಯಪ್ಪೋ ಯವ್ವೋ ಅಂತ ಕೂಗಿದ್ದು ಕ್ಯಾಂಟೀನ್‌ವರೆಗೂ ಕೇಳಿತು. ಮರುದಿನ ಅವರು ಬಸ್ಸಿನ ಮೆಟ್ಟಿಲನ್ನು ಯಾರ ಕೈ ಹಿಡಿಯದೆ ಹತ್ತಿದರು. ಫಾರಂ ಏನಾದರೂ ಏಳನೇ ದಿನ ಕೊಟ್ಟಿದ್ದರೆ ಆ ಹುಡುಗಿಯ ಕೆಲಸಕ್ಕೇ ಕುತ್ತು ಬರುತ್ತಿತ್ತು! ನಿದ್ದೆ ಬರಿಸಿದರೆ ಪೂರ್ತಿ ಮಾರ್ಕು, ಕಾಲು ಬರಿಸಿದರೆ ಸೊನ್ನೆ.

ನಿಮ್ಮ ಉತ್ತರ ಗುಪ್ತವಾಗಿರುತ್ತದೆ ಅಂತ ಮೇಲೆ ಬರೆದಿತ್ತು. ಅದರ ಕೆಳಗೇ ಹೆಸರು, ಫೋನ್ ನಂಬರ್, ಓಪಿಡಿ ನಂಬರ್, ಸಹಿ. ಹುಡುಗಿ ಪಕ್ಕದಲ್ಲೇ ಪೆನ್ನು ಹಿಡಿದು ನಿಂತಿದ್ದಳು. ಕಾಕಾ ಎಲ್ಲದಕ್ಕೂ ಅತ್ಯಂತ ತೃಪ್ತಿ ಹಾಕಿಸಿದರು. ಕುಡಿಯುವ ನೀರಿನ ಪ್ರಶ್ನೆಗೂ. ಆ ಕೋಣೆಯಲ್ಲಿ ನೀರೇ ಇರಲಿಲ್ಲ. ಯಾಕೆ ಹಾಗೆ ಅಂತ ಕಿವಿಯಲ್ಲಿ ಕೇಳಿದೆ. "ನಾಳೆ ಮತ್ತ ನನ್ನ ಕಾಲು ಆಕಿ ಕೈಯಾಗ ಇರ್ತದೋ!"

ಪಕ್ಕದ ಬೆಂಚಿಗೆ ಭುಜ ಹಿಡಿದುಕೊಂಡ ಒಬ್ಬ ಗೌಂಡಿ ಬರುತ್ತಿದ್ದ. ನಾಲ್ಕು ದಿನದ ಕೂಲಿ ಹೋಯ್ತು ಅಂತ ಐದನೇ ದಿನ ಬರಲಿಲ್ಲ. ಫಾರಂ ಸಿಗುವುದು ಹತ್ತು ದಿನ ಬಂದವರಿಗೆ ಮಾತ್ರ. ಅವನ ಲೆಕ್ಕ ಹೀಗಾಗಿ ಯಾವ ಮನೆಯಲ್ಲೂ ಇಲ್ಲ.

ಕರೆಂಟ್ ಬರುವಷ್ಟರಲ್ಲಿ ನಮ್ಮ ಟೈಮ್ ಮುಗಿದಿತ್ತು.

ಸಂಜೆ ಫೋನ್ ಬಂತು. ರೆಕಾರ್ಡ್ ಮಾಡಿದ ಹೆಣ್ಣು ದನಿ: ತೃಪ್ತಿಯಾಗಿದ್ದರೆ ಒಂದು ಒತ್ತಿ. ಕಾಕಾ ಒತ್ತಲಿಲ್ಲ. "ನೋಡ್ ತಂಗಿ" ಅಂತ ಶುರು ಮಾಡಿದರು. ಮೆಟ್ಟಿಲು ಹತ್ತುವಾಗ ಎಲ್ಲಿ ಹಿಡಿಯುತ್ತದೆ, ರಾತ್ರಿ ಯಾವ ಮಗ್ಗಲಿಗೆ ನೋವು, ಹೊಲದಲ್ಲಿ ಕೂರಲು ಎಂದು ಆಗಬಹುದು, ಎಲ್ಲ ಹೇಳಿದರು. ಆ ಕಡೆ ದನಿ ಯಾವಾಗ ನಿಂತಿತ್ತೋ ಏನೋ.

ಫೋನ್ ಇಟ್ಟು ಮೀಸೆ ಒರೆಸಿಕೊಂಡರು. "ಹತ್ತು ದಿನದಾಗ ಇವತ್ತು ಒಬ್ಬಾಕಿ ನಡುವ ಬಾಯಿ ಹಾಕದ ಕೇಳಿದ್ಳು ನೋಡು."