ತೆಲುಗು ಅಕ್ಷರ ಮತ್ತು ಐಫೋನ್: ಒಂದು ಸ್ಪಷ್ಟನೆ

‘ತೆಲುಗು ಅಕ್ಷರವೊಂದು ಸಂದೇಶದಲ್ಲಿ ಬಂದರೆ ಐಫೋನ್ ಶಾಶ್ವತವಾಗಿ ಹಾಳಾಗುತ್ತದೆ, ತೆಲುಗು ಸಂದೇಶ ತೆರೆಯಬೇಡಿ’ ಎಂದು ಹರಿದಾಡುತ್ತಿರುವ ಮಾತು ಸರಿಯಲ್ಲ.

ಇದರ ಮೂಲ 2018ರ ಫೆಬ್ರುವರಿಯದು. ಐಫೋನನ್ನು ನಡೆಸುವ ತಂತ್ರಾಂಶವಾದ ಐಒಎಸ್‌ನ 11.2.5 ಆವೃತ್ತಿಯಲ್ಲಿ, ‘ಜ್ಞಾ’ ಎಂಬ ತೆಲುಗು ಸಂಯುಕ್ತಾಕ್ಷರವನ್ನು ಕಣ್ಣಿಗೆ ಕಾಣದ ಒಂದು ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಸಂಕೇತದೊಡನೆ ಬರೆದಾಗ, ಅದನ್ನು ತೆರೆಯ ಮೇಲೆ ಮೂಡಿಸುವ ತಂತ್ರಾಂಶ ಎಡವಿ ಆ್ಯಪ್ ಕುಸಿಯುತ್ತಿತ್ತು. ಅಧಿಸೂಚನೆಯಲ್ಲಿ (ನೋಟಿಫಿಕೇಶನ್) ಕಾಣಿಸಿಕೊಂಡರೆ ಫೋನಿನ ಮುಖಪುಟವೂ ಕುಸಿಯುತ್ತಿತ್ತು. ದೋಷವಿದ್ದದ್ದು ತಂತ್ರಾಂಶದಲ್ಲಿ, ತೆಲುಗು ಲಿಪಿಯಲ್ಲಲ್ಲ. ಭಾಷೆಯೊಂದನ್ನೇ ಅಪಾಯವೆನ್ನುವುದು ಅನ್ಯಾಯ.

ಆ್ಯಪಲ್ ಇದನ್ನು ಸಿವಿಇ-2018-4124 (ತಂತ್ರಾಂಶದ ಭದ್ರತಾ ದೋಷಗಳಿಗೆ ಕೊಡುವ ಗುರುತು ಸಂಖ್ಯೆ) ಎಂದು ದಾಖಲಿಸಿ, ಫೆಬ್ರುವರಿ 19ರಂದು ಐಒಎಸ್ 11.2.6ರಲ್ಲಿ ಸರಿಪಡಿಸಿತು. ಹಳೆಯ ಆವೃತ್ತಿಯುಳ್ಳವರು ನವೀಕರಿಸಿಕೊಳ್ಳಿ. ‘ತೆಲುಗು ಸಂದೇಶ ತೆರೆಯಬೇಡಿ’ ಎನ್ನುವ ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.